ಕೆಲಸಕ್ಕೆ ಸೇರಿ ಮೂರು ತಿಂಗಳಾಯ್ತು, ‘ನನ್ನ ಕೈಲಿ ಆಗಲ್ಲ’ ಅನ್ನೋದು ಮನಸ್ಸಿಂದ ಹೋಗ್ತಾನೇ ಇಲ್ಲ

ಹೊಸಹೆಜ್ಜೆ | ಸೋಮವಾರ, ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ಇಲ್ಲಿ ಬರೆಯುತ್ತಿರುವುದು ಇದೇ ಮೊದಲು. ಸ್ವಲ್ಪ ಉದ್ದ ಆಗಬಹುದು, ದಯವಿಟ್ಟು ಓದಿ.

ನಾನು ಹತ್ತನೇ ತರಗತಿವರೆಗೂ ಊರಿನ ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವಳು. ಆಮೇಲೆ ಬಿ.ಎಸ್ಸಿ. ಈಗ ಬೆಂಗಳೂರಿನ ಒಂದು ಸಣ್ಣ ಕಂಪನಿಯಲ್ಲಿ ಟ್ರೈನಿ. ಆರು ತಿಂಗಳು ನೋಡಿ ಕಾಯಂ ಮಾಡುತ್ತಾರೆ. ಅದರಲ್ಲಿ ಮೂರು ತಿಂಗಳು ಕಳೆದೇ ಹೋಯಿತು.

ನನ್ನ ಜೊತೆ ಸೇರಿದ ನಾಲ್ಕೂ ಜನ ಇಂಜಿನಿಯರಿಂಗ್ ಮಾಡಿದವರು. ಮೀಟಿಂಗಿನಲ್ಲಿ ಅವರು ಪಟಪಟ ಅಂತ ಇಂಗ್ಲಿಷಿನಲ್ಲಿ ಮಾತಾಡುತ್ತಾರೆ. ನಾನು ಮನಸ್ಸಿನಲ್ಲೇ ಒಂದು ವಾಕ್ಯ ಜೋಡಿಸುವಷ್ಟರಲ್ಲಿ ಮಾತು ಎಲ್ಲಿಗೋ ಹೋಗಿರುತ್ತದೆ. ಡೌಟ್ ಕೇಳಬೇಕು ಅನ್ನಿಸುತ್ತದೆ, ಗಂಟಲಲ್ಲೇ ನಿಂತುಬಿಡುತ್ತದೆ. ಇಷ್ಟು ಚಿಕ್ಕದೂ ಗೊತ್ತಿಲ್ವಾ ಅಂದುಬಿಟ್ಟರೆ ಅಂತ ಭಯ.

ಕಳೆದ ವಾರ ಒಂದು ಕೆಲಸ ಕೊಟ್ಟರು. ಎರಡು ಪಟ್ಟಿ ಹೊಂದಿಸಬೇಕು, ಅಷ್ಟೇ. ಮೂರು ದಿನ ಕೂತರೂ ಆಗಿಲ್ಲ. ಇವತ್ತು ಲೀಡ್ ಬಂದು, ‘ಇನ್ನೂ ಆಗಿಲ್ವಾ ಅದು?’ ಅಂದರು. ಬೈಯಲಿಲ್ಲ, ಸುಮ್ನೆ ಕೇಳಿದರು. ಆದರೂ ಪಿಜಿಗೆ ಬಂದು ಊಟ ಮಾಡದೆ ಮಲಗಿದೆ. ಅಪ್ಪ ಫೋನ್ ಮಾಡಿದಾಗ ‘ಎಲ್ಲಾ ಚೆನ್ನಾಗಿದೆ’ ಅಂದೆ. ಫೋನ್ ಇಟ್ಟ ಮೇಲೆ ಅಳು ಬಂತು.

ನನಗೆ ಈ ಕೆಲಸ ಆಗಿಬರಲ್ಲ ಅನ್ನಿಸುತ್ತಿದೆ. ಆತ್ಮವಿಶ್ವಾಸ ಬೆಳೆಸಿಕೊಳ್ಳೋದು ಹೇಗೆ, ಗೊತ್ತಿದ್ದವರು ಹೇಳಿ.

ಮಂಜಿನಹನಿ | ಸೋಮವಾರ, ರಾತ್ರಿ 10:58

ಅಳಬೇಡಮ್ಮ. ಹಳ್ಳಿ ಶಾಲೆಯಿಂದ ಅಲ್ಲಿಯವರೆಗೆ ಬಂದಿದ್ದೀಯ, ಅದೇ ಎಷ್ಟು ದೊಡ್ಡದು. ದಿನಾ ಬೆಳಿಗ್ಗೆ ಕನ್ನಡಿ ಮುಂದೆ ನಿಂತು ‘ನನ್ನಿಂದ ಆಗುತ್ತೆ’ ಅಂತ ಹತ್ತು ಸಲ ಹೇಳಿಕೋ. ನನ್ನ ಮಗಳಿಗೆ ಪರೀಕ್ಷೆ ಸಮಯದಲ್ಲಿ ಇದರಿಂದ ತುಂಬಾ ಸಹಾಯ ಆಯಿತು. ಮೊದಲು ಎದ್ದು ಏನಾದರೂ ತಿನ್ನು.

ಹೊಸಹೆಜ್ಜೆ | ಸೋಮವಾರ, ರಾತ್ರಿ 11:05

ಥ್ಯಾಂಕ್ಸ್ ಅಕ್ಕ. ಬಾಳೆಹಣ್ಣು ತಿಂದೆ. ಕನ್ನಡಿ ಮುಂದೆ ಹೇಳಿಕೊಳ್ಳುವುದನ್ನು ಎರಡು ವಾರ ಮಾಡಿ ನೋಡಿದ್ದೇನೆ. ಹೇಳುವಾಗ ಸರಿ ಅನ್ನಿಸುತ್ತೆ. ಕಂಪ್ಯೂಟರ್ ಮುಂದೆ ಕೂತ ಕೂಡಲೇ ಮತ್ತೆ ಅದೇ.

ಕುಂದಾಪ್ರದವ | ಸೋಮವಾರ, ರಾತ್ರಿ 11:20

ತಂಗಿ, ನಾನು ಹದಿನಾಲ್ಕು ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ನಾನೂ ಕನ್ನಡ ಮಾಧ್ಯಮವೇ. ನೀನು ಬರೆದದ್ದನ್ನು ಎರಡು ಸಲ ಓದಿದೆ. ನಿನ್ನ ಬಗ್ಗೆ ಇಷ್ಟುದ್ದ ಬರೆದಿದ್ದೀಯ. ಕೆಲಸದ ಬಗ್ಗೆ ಇರುವುದು ‘ಎರಡು ಪಟ್ಟಿ ಹೊಂದಿಸಬೇಕು, ಅಷ್ಟೇ’ ಅನ್ನೋ ಒಂದೇ ಮಾತು.

ಇದು ತಪ್ಪು ಅಂತ ಹೇಳುತ್ತಿಲ್ಲ. ಹೆದರಿದಾಗ ಎಲ್ಲರಿಗೂ ಹೀಗೇ ಆಗುತ್ತದೆ. ಕಣ್ಣೆಲ್ಲ ನಮ್ಮ ಮೇಲೆಯೇ ಇರುತ್ತದೆ, ಎದುರಿಗಿರುವ ಸಮಸ್ಯೆ ಕಾಣುವುದೇ ಇಲ್ಲ. ನೀನು ಎಂಥವಳು ಅನ್ನೋದನ್ನು ಒಂದು ರಾತ್ರಿ ಪಕ್ಕಕ್ಕಿಡೋಣ. ಆ ಪಟ್ಟಿಯ ಕಥೆ ಹೇಳು. ಕಂಪನಿಯ ಗುಟ್ಟು ಏನೂ ಬೇಡ. ಏನು ಹೊಂದುತ್ತಿಲ್ಲ?

ಹೊಸಹೆಜ್ಜೆ | ಸೋಮವಾರ, ರಾತ್ರಿ 11:26

ಅಣ್ಣ, ಎರಡೂ ಕಡೆ ಊರಿನ ಹೆಸರುಗಳು ಕನ್ನಡದಲ್ಲಿವೆ. ಪೈಥಾನ್ ಅನ್ನೋ ಕಂಪ್ಯೂಟರ್ ಭಾಷೆಯಲ್ಲಿ ಬರೆದಿದ್ದೇನೆ. ಪ್ರೋಗ್ರಾಂ ವರ್ಕ್ ಆಗ್ತಿಲ್ಲ.

ನಿವೃತ್ತ ಮೇಷ್ಟ್ರು | ಮಂಗಳವಾರ, ಬೆಳಿಗ್ಗೆ 6:10

ಮಗು, ನನಗೆ ಕಂಪ್ಯೂಟರ್ ಅಷ್ಟಾಗಿ ಗೊತ್ತಿಲ್ಲ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟಿದ್ದೇನೆ. ಕನ್ನಡ ಮಾಧ್ಯಮದಲ್ಲಿ ಓದಿದವಳು ಅಂದೆಯಲ್ಲ, ರೇಖಾಗಣಿತದ ಪ್ರಮೇಯ ಹೇಗೆ ಬರೆಯುತ್ತಿದ್ದೆ ನೆನಪು ಮಾಡಿಕೋ. ದತ್ತ, ಸಾಧನೀಯ, ರಚನೆ, ಸಾಧನೆ. ಹೌದಲ್ವಾ?

ಪ್ರತಿ ವರ್ಷ ತರಗತಿಯಲ್ಲಿ ನಾಲ್ಕೈದು ಮಕ್ಕಳು ಪ್ರಶ್ನೆ ನೋಡಿದ ಕೂಡಲೇ ಪೆನ್ನು ಕೆಳಗಿಡುತ್ತಿದ್ದರು. ‘ಬರಲ್ಲ ಸಾರ್’ ಅನ್ನುತ್ತಿದ್ದರು. ಉತ್ತರ ಬೇಡ, ದತ್ತ ಮಾತ್ರ ಬರಿ ಅನ್ನುತ್ತಿದ್ದೆ. ಪ್ರಶ್ನೆಯಲ್ಲಿ ಏನು ಕೊಟ್ಟಿದ್ದಾರೋ ಅದನ್ನು ನೋಡಿಕೊಂಡು ಬರೆಯುವುದು, ಅದಕ್ಕೇನು ಬುದ್ಧಿ ಬೇಕು? ಅದನ್ನು ಬರೆಯುವಷ್ಟರಲ್ಲಿ ಕೈ ನಡುಕ ನಿಲ್ಲುತ್ತಿತ್ತು. ಅರ್ಧ ಜನ ಅಲ್ಲಿಂದ ಮುಂದಕ್ಕೆ ತಾವೇ ಹೋಗುತ್ತಿದ್ದರು.

‘ವರ್ಕ್ ಆಗ್ತಿಲ್ಲ’ ಅನ್ನೋದು ದತ್ತ ಅಲ್ಲ. ಯಾವ ಹೆಸರು ಹೊಂದಿತು, ಯಾವುದು ಹೊಂದಲಿಲ್ಲ? ಎರಡು ಕಂಬ ಸಾಲು ಮಾಡಿ ಬರಿ. ಕಾಗದದ ಮೇಲೆ ಬರಿ, ಪೆನ್ನಿನಲ್ಲಿ.

ಹೊಸಹೆಜ್ಜೆ | ಮಂಗಳವಾರ, ಮಧ್ಯಾಹ್ನ 1:35

ಮೇಷ್ಟ್ರೇ, ಊಟದ ಬಿಡುವಿನಲ್ಲಿ ಬರೆದೆ. ‘ದತ್ತ’ ಅಂತಾನೇ ತಲೆಬರಹ ಹಾಕಿದೆ.

ತಾಲ್ಲೂಕು, ಗ್ರಾಮ ಎಲ್ಲ ಬಿಟ್ಟು ಜಿಲ್ಲೆಗಳನ್ನು ಮಾತ್ರ ತೆಗೆದುಕೊಂಡೆ. ಒಟ್ಟು 31. ಒಂದು ಪಟ್ಟಿ ಹೊಸದಾಗಿ ಟೈಪ್ ಮಾಡಿದ್ದು. ಇನ್ನೊಂದು ನುಡಿ ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫೈಲನ್ನು ಯಾರೋ, ಪ್ರತಿ ಗುರುತಿಗೂ ಒಂದು ಸಂಖ್ಯೆ ಕೊಡುವ ಯುನಿಕೋಡ್‌ಗೆ ಬದಲಾಯಿಸಿದ್ದು.

ಹೊಂದಿದ್ದು 23. ಹಾಸನ, ಮಂಡ್ಯ, ತುಮಕೂರು, ಉಡುಪಿ, ಗದಗ, ರಾಯಚೂರು, ಬೆಳಗಾವಿ, ದಾವಣಗೆರೆ, ಹೀಗೆ.

ಹೊಂದದೇ ಇದ್ದದ್ದು 8. ಕೋಲಾರ, ಕೊಪ್ಪಳ, ಕೊಡಗು, ಬಾಗಲಕೋಟೆ, ಶಿವಮೊಗ್ಗ, ಮೈಸೂರು, ಹಾವೇರಿ, ಬೀದರ್.

ಕಣ್ಣಿಗೆ ಎರಡೂ ಕಡೆ ಒಂದೇ ಥರ ಕಾಣುತ್ತವೆ. ಕಾಗುಣಿತ ತಪ್ಪಿಲ್ಲ. ಹಿಂದೆ ಮುಂದೆ ಖಾಲಿ ಜಾಗ ಇರಬಹುದು ಅಂತ ಅದನ್ನು ತೆಗೆಯುವ ಸ್ಟ್ರಿಪ್ ಹಾಕಿದೆ, ಏನೂ ಬದಲಾಗಲಿಲ್ಲ.

ಒಂದು ಮಾತು ಹೇಳಬೇಕು. ಮೂರು ದಿನದಿಂದ ‘ಏನೂ ಹೊಂದುತ್ತಿಲ್ಲ’ ಅಂತಲೇ ತಲೆಯಲ್ಲಿತ್ತು. ಎಣಿಸಿ ನೋಡಿದರೆ 31ರಲ್ಲಿ 23 ಸರಿಯಾಗಿದೆ. ನಾನು ಎಣಿಸಿಯೇ ಇರಲಿಲ್ಲ.

ಕುಂದಾಪ್ರದವ | ಮಂಗಳವಾರ, ಮಧ್ಯಾಹ್ನ 1:50

ಈಗ ಬಂತು ನೋಡು ಸಮಸ್ಯೆ ಮುಂದಕ್ಕೆ! ಎಂಥ ಚಂದದ ಪಟ್ಟಿ ಮಾಡಿದ್ದೀಯ. ನನಗೆ ಒಂದು ಅನುಮಾನ ಇದೆ, ಆದರೆ ಹೇಳುವುದಿಲ್ಲ. ನೀನೇ ಹಿಡಿದರೆ ಅದರ ಖುಷಿಯೇ ಬೇರೆ.

ಎರಡು ಕೆಲಸ ಮಾಡು. ಎರಡೂ ಪಟ್ಟಿಯ ಕೋಲಾರಕ್ಕೆ ಲೆನ್ ಹಾಕಿ ಉದ್ದ, ಅಂದರೆ ಒಳಗೆ ಎಷ್ಟು ಗುರುತು ಇದೆ ಅಂತ, ನೋಡು. ಆಮೇಲೆ ಒಂದೊಂದು ಅಕ್ಷರಕ್ಕೂ ಆರ್ಡ್ ಹಾಕಿ ಸಂಖ್ಯೆ ಪ್ರಿಂಟ್ ಮಾಡು. ಕಂಪ್ಯೂಟರಿಗೆ ಕಾಣುವುದು ಅಕ್ಷರದ ಆಕಾರ ಅಲ್ಲ, ಸಂಖ್ಯೆ.

ಧಾರವಾಡದಾಕೆ | ಮಂಗಳವಾರ, ಸಂಜೆ 5:15

ನಡುವೆ ಮಾತಾಡ್ತೀನಿ, ಬೇಜಾರ ಮಾಡ್ಕೋಬ್ಯಾಡ್ರಿ. ಸಮಸ್ಯೆ ಬಿಡಿಸೋದು ಖರೇನ ಒಳ್ಳೇದು. ಆದ್ರ ಎಲ್ಲಾ ಭಾರ ಆ ಹುಡುಗಿ ತಲಿ ಮ್ಯಾಲೆ ಹಾಕಬಾರದು. ಕನ್ನಡ ಪಟ್ಟಿಯ ಕೆಲಸಕ್ಕ ಮೀಟಿಂಗ್ ಪೂರ್ತಿ ಇಂಗ್ಲಿಷಿನಾಗ ಯಾಕ? ಹೊಸಬರಿಗೆ ಕೇಳೂ ಧೈರ್ಯ ಬರೂ ಹಂಗ ಆಫೀಸು ಇರಬೇಕಲ್ಲ? ಅಂಜಿಕೆ ಬರೀ ಒಳಗಿಂದ ಹುಟ್ಟೂದಿಲ್ಲ, ಹೊರಗಿಂದನೂ ಬರ್ತದ.

ನಾನು ಬ್ಯಾಂಕಿನಾಗ ಸೇರಿದಾಗ ಒಬ್ಬ ಹಿರಿಯರು ಮೊದಲನೇ ದಿನಾನ ಹೇಳಿದ್ರು: ‘ತಂಗಿ, ಮೊದಲ ಆರು ತಿಂಗಳು ಏನು ಬೇಕಾದರೂ ಕೇಳು. ಎಂಟನೇ ತಿಂಗಳು ಕೇಳಿದರ ನಾ ಸಿಟ್ಟಾಗ್ತೀನಿ.’ ಆ ಒಂದು ಮಾತಿನ ಮ್ಯಾಲೆ ನಾನು ನಿಂತೆ. ಎಲ್ಲಾರಿಗೂ ಅಂಥವರು ಸಿಗೂದಿಲ್ಲ.

ಕುಂದಾಪ್ರದವ | ಮಂಗಳವಾರ, ಸಂಜೆ 5:40

ಅಕ್ಕ, ನಿಮ್ಮ ಮಾತು ಪೂರ್ತಿ ಒಪ್ಪುತ್ತೇನೆ. ನನ್ನ ತಂಡದಲ್ಲಿ ಹೊಸಬರು ಇದ್ದಾರೆ. ಹಾಗೆ ಬಾಯಿಬಿಟ್ಟು ನಾನು ಅವರಿಗೆ ಹೇಳಿಲ್ಲ. ಕೇಳಿದರೆ ಹೇಳುತ್ತೇನಲ್ಲ ಅಂತ ಸುಮ್ಮನಿದ್ದೆ. ನಾಳೆಯೇ ಹೇಳುತ್ತೇನೆ.

ಓದುಗ 77 | ಮಂಗಳವಾರ, ರಾತ್ರಿ 8:30

ನಾನು ಮನಶ್ಶಾಸ್ತ್ರ ಓದಿದವಳು, ಅದಕ್ಕೇ ಒಂದೆರಡು ವಿಷಯ ಸೇರಿಸುತ್ತೇನೆ.

ಎಲ್ಲರಿಗೂ ಗೊತ್ತು, ನನಗೊಬ್ಬಳಿಗೇ ಗೊತ್ತಿಲ್ಲ, ಒಂದು ದಿನ ಸಿಕ್ಕಿಬೀಳುತ್ತೇನೆ ಅನ್ನೋ ಭಾವನೆ ಹೊಸದಲ್ಲ. 1978ರಲ್ಲಿ ಅಮೆರಿಕದ ಪಾಲಿನ್ ಕ್ಲಾನ್ಸ್ ಮತ್ತು ಸುಜಾನ್ ಐಮ್ಸ್ ಅನ್ನೋ ಇಬ್ಬರು ಮನಶ್ಶಾಸ್ತ್ರಜ್ಞೆಯರು ಇದರ ಬಗ್ಗೆ ಬರೆದರು. ಅವರು ಮಾತಾಡಿಸಿದ್ದು ಓದಿನಲ್ಲೂ ಕೆಲಸದಲ್ಲೂ ಚೆನ್ನಾಗಿ ಮೇಲೆ ಬಂದ ಹೆಂಗಸರನ್ನು. ಅವರಿಗೂ ಹೀಗೇ ಅನ್ನಿಸುತ್ತಿತ್ತು. ಹಾಗಾಗಿ ಹೊಸಹೆಜ್ಜೆ, ಈ ಭಾವನೆ ಬಂತು ಅಂದ ಮಾತ್ರಕ್ಕೆ ನಿನಗೆ ಕೆಲಸ ಬರಲ್ಲ ಅಂತ ಅರ್ಥ ಅಲ್ಲ.

ಇನ್ನೊಬ್ಬರು ಆಲ್ಬರ್ಟ್ ಬಂಡೂರ. ‘ನನ್ನಿಂದ ಆಗುತ್ತೆ’ ಅನ್ನೋ ನಂಬಿಕೆ ಎಲ್ಲಿಂದ ಬರುತ್ತೆ ಅಂತ 1977ರಲ್ಲೇ ವಿವರಿಸಿದವರು. ಬೇರೆಯವರು ಧೈರ್ಯ ಹೇಳಿದರೂ ಸ್ವಲ್ಪ ಬರುತ್ತದೆ. ನಮ್ಮಂಥವರೇ ಮಾಡಿದ್ದನ್ನು ನೋಡಿದರೆ ಇನ್ನೂ ಸ್ವಲ್ಪ. ಎಲ್ಲಕ್ಕಿಂತ ಜಾಸ್ತಿ ಬರುವುದು ನಾವೇ ಕೈಯಾರೆ ಒಂದನ್ನು ಮಾಡಿ ಮುಗಿಸಿದಾಗ. ಕನ್ನಡಿ ಮುಂದೆ ಹೇಳಿಕೊಂಡದ್ದು ಕಂಪ್ಯೂಟರ್ ಮುಂದೆ ಯಾಕೆ ನಿಲ್ಲಲಿಲ್ಲ ಅನ್ನೋದಕ್ಕೆ ಇದೇ ಕಾರಣ ಇರಬಹುದು.

ಒಂದು ಎಚ್ಚರಿಕೆ. ನಿದ್ದೆ, ಊಟ ಎರಡು ವಾರ ಸರಿ ಇಲ್ಲದಿದ್ದರೆ, ಏನೂ ಬೇಡ ಅನ್ನಿಸುತ್ತಿದ್ದರೆ, ಅದನ್ನು ಬರೀ ಅಳುಕು ಅಂತ ಬಿಡಬೇಡ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ 14416ಕ್ಕೆ ಫೋನ್ ಮಾಡು. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಪೀಣ್ಯದಿಂದ | ಮಂಗಳವಾರ, ರಾತ್ರಿ 9:20

2019ರ ಸೆಪ್ಟೆಂಬರ್ 7, ಬೆಳಗಿನ ಜಾವ. ನಮ್ಮ ಮನೆಯಲ್ಲಿ ಯಾರೂ ಮಲಗಿರಲಿಲ್ಲ. ಚಂದ್ರಯಾನ-2ರ ವಿಕ್ರಂ ಇಳಿಯುತ್ತಿತ್ತು. ಚಂದ್ರನ ನೆಲ ಇನ್ನು 2.1 ಕಿ.ಮೀ. ಇರುವವರೆಗೂ ಎಲ್ಲ ಸರಿ ಇತ್ತು ಅಂದರು, ಆಮೇಲೆ ಸಂಪರ್ಕ ಹೋಯಿತು. ಇಸ್ರೋದ ನಿಯಂತ್ರಣ ಕೇಂದ್ರ ನಮ್ಮ ಪೀಣ್ಯದಲ್ಲೇ ಇರುವುದು. ಏರಿಯಾದವರಿಗೆಲ್ಲ ಮನೆಯಲ್ಲೇ ಏನೋ ಆದ ಹಾಗಿತ್ತು.

ನನಗೆ ಆಮೇಲೆ ಹಿಡಿಸಿದ್ದು ಅವರು ಅದನ್ನು ಬಿಡಿಸಿದ ರೀತಿ. ಯಾರು ತಪ್ಪು ಮಾಡಿದರು ಅಂತ ಹುಡುಕುತ್ತಾ ಕೂರಲಿಲ್ಲ. ಏನಾಯಿತು ಅಂತ ನೋಡಿದರು. ಎಂಜಿನ್‌ಗಳು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಬಲ ಕೊಟ್ಟಿದ್ದವು. ತಪ್ಪನ್ನು ಸರಿಮಾಡಿಕೊಳ್ಳಲು ನೌಕೆ ಬೇಗ ತಿರುಗಬೇಕಿತ್ತು, ಅಷ್ಟು ಬೇಗ ತಿರುಗಲು ಅದಕ್ಕೆ ಅವಕಾಶ ಇರಲಿಲ್ಲ. ಇಳಿಯಬೇಕಾದ ಜಾಗ ಬರೀ 500 ಮೀಟರ್ ಅಗಲ, 500 ಮೀಟರ್ ಉದ್ದ.

ಚಂದ್ರಯಾನ-3ಕ್ಕೆ ಆ ಜಾಗವನ್ನು 4 ಕಿ.ಮೀ. ಉದ್ದ, 2.4 ಕಿ.ಮೀ. ಅಗಲ ಮಾಡಿದರು. ಕಾಲು ಗಟ್ಟಿ ಮಾಡಿದರು. ಇಂಧನ ಜಾಸ್ತಿ ತುಂಬಿದರು. ಏನೇನು ಕೆಡಬಹುದು ಅಂತ ಮೊದಲೇ ಪಟ್ಟಿ ಮಾಡಿ, ಕೆಟ್ಟರೂ ಇಳಿಯುವ ಹಾಗೆ ಕಟ್ಟಿದರು. 2023ರ ಆಗಸ್ಟ್ 23, ಸಂಜೆ 6 ಗಂಟೆ 4 ನಿಮಿಷಕ್ಕೆ ಇಳಿಯಿತು. ಆವತ್ತು ನಮ್ಮ ಬೀದಿಯಲ್ಲಿ ಹಂಚಿದ ಮೈಸೂರ್ ಪಾಕಿನ ರುಚಿ ಇನ್ನೂ ನೆನಪಿದೆ.

ತಂಗಿ, ನಿನ್ನ ಎಂಟು ಜಿಲ್ಲೆ ಏನಾಯಿತು?

ಹೊಸಹೆಜ್ಜೆ | ಮಂಗಳವಾರ, ರಾತ್ರಿ 11:48

ಎಲ್ಲರೂ ಮಲಗಿರುತ್ತೀರಿ, ಆದರೂ ಈಗಲೇ ಬರೆಯದಿದ್ದರೆ ನನಗೆ ನಿದ್ದೆ ಬರಲ್ಲ.

ಹೊಸ ಪಟ್ಟಿಯ ಕೋಲಾರದ ಉದ್ದ 5. ಹಳೆಯ ಪಟ್ಟಿಯ ಕೋಲಾರದ ಉದ್ದ 7!

ಸಂಖ್ಯೆ ಪ್ರಿಂಟ್ ಮಾಡಿದೆ. ಹೊಸದರಲ್ಲಿ ‘ಕೋ’ ಅಂದರೆ 3221, 3275. ಹಳೆಯದರಲ್ಲಿ 3221, 3270, 3266, 3285. ಮೊದಲು ಏನೂ ಅರ್ಥ ಆಗಲಿಲ್ಲ. ಮತ್ತೆ ‘ನನಗೆ ಇದು ಆಗಲ್ಲ’ ಅಂತ ಶುರುವಾಯಿತು. ಮೇಷ್ಟ್ರು ಹೇಳಿದ್ದು ನೆನಪಾಗಿ, ಒಂದೊಂದು ಸಂಖ್ಯೆಯ ಮುಂದೆ ಅದು ಯಾವ ಗುರುತು ಅಂತ ಪೆನ್ನಿನಲ್ಲಿ ಬರೆದೆ. 3270 ಎತ್ವ. 3266 ಕೊಂಬಿನ ಇಳಿ. 3285 ದೀರ್ಘ.

ಅದನ್ನು ನೋಡಿದ ಕೂಡಲೇ ಒಂದನೇ ತರಗತಿ ಕಣ್ಣ ಮುಂದೆ ಬಂತು. ನಮ್ಮ ಟೀಚರ್ ಬೋರ್ಡಿನ ಮೇಲೆ ‘ಕೋ’ ಬರೆಸುತ್ತಿದ್ದದ್ದು ಹೀಗೇ. ಮೊದಲು ಎತ್ವ ಹಾಕು, ಕೊಂಬಿನ ಇಳಿ ಹಾಕು, ಪಕ್ಕದಲ್ಲಿ ದೀರ್ಘ ಎಳೆ. ಹಳೆಯ ಫೈಲು ಅಕ್ಷರವನ್ನು ನಾವು ಸ್ಲೇಟಿನ ಮೇಲೆ ಬರೆಯುವ ಹಾಗೆ ಬಿಡಿ ಬಿಡಿಯಾಗಿ ಇಟ್ಟುಕೊಂಡಿದೆ. ಹೊಸ ಫೈಲು ‘ಓತ್ವ’ ಅಂತ ಒಂದೇ ಗುರುತಾಗಿ ಇಟ್ಟುಕೊಂಡಿದೆ. ಪರದೆ ಮೇಲೆ ಎರಡೂ ಒಂದೇ ಥರ ಕಾಣುತ್ತವೆ.

ಆಮೇಲೆ ಎಂಟು ಹೆಸರನ್ನೂ ಕಾಗುಣಿತ ಹೇಳಿಕೊಂಡು ಓದಿದೆ. ಬೀದರ್, ಗುಡಿಸಿನ ದೀರ್ಘ. ಹಾವೇರಿ, ಏತ್ವ. ಮೈಸೂರು, ಐತ್ವ. ಕೊಪ್ಪಳ, ಕೊಡಗು, ಶಿವಮೊಗ್ಗ, ಒತ್ವ. ಕೋಲಾರ, ಬಾಗಲಕೋಟೆ, ಓತ್ವ. ಒಡೆಯಬಹುದಾದ ಗುರುತು ಇರುವ ಹೆಸರುಗಳು ಮಾತ್ರ ಕೈಕೊಟ್ಟಿವೆ. ಹೊಂದಿದ 23ರಲ್ಲಿ ಅಂಥದ್ದು ಒಂದೂ ಇಲ್ಲ. ಬೆಳಗಾವಿ, ದಾವಣಗೆರೆಯಲ್ಲಿರುವುದು ಬರೀ ಎತ್ವ, ಅದನ್ನು ಒಡೆಯಲು ಆಗಲ್ಲ.

ನನ್ನ ಜೊತೆಯವರಲ್ಲಿ ಇಬ್ಬರಿಗೆ ಕನ್ನಡ ಓದಲು ಬರಲ್ಲ. ಕಾಗುಣಿತ ಗೊತ್ತಿದ್ದದ್ದು ನನಗೆ.

ಕುಂದಾಪ್ರದವ | ಬುಧವಾರ, ಬೆಳಿಗ್ಗೆ 7:05

ಓದಿ ಮೈ ಜುಮ್ಮೆಂದಿತು. ನನ್ನ ಅನುಮಾನ ಅದೇ ಇತ್ತು. ಆದರೆ ಕಾಗುಣಿತದ ಮೂಲಕ ಅಲ್ಲಿಗೆ ಹೋಗಬಹುದು ಅಂತ ನನಗೆ ಹೊಳೆದಿರಲಿಲ್ಲ.

ಪರಿಹಾರ ಸುಲಭ. ಪೈಥಾನಿನಲ್ಲಿ ಯುನಿಕೋಡ್‌ಡೇಟಾ ಅನ್ನೋ ಮಾಡ್ಯೂಲ್ ಇದೆ. ಅದರ ನಾರ್ಮಲೈಜ್‌ಗೆ ಎನ್‌ಎಫ್‌ಸಿ ಅಂತ ಕೊಟ್ಟರೆ ಬಿಡಿ ಗುರುತುಗಳನ್ನು ಸೇರಿಸಿ ಒಂದು ಮಾಡುತ್ತದೆ. ಎರಡೂ ಪಟ್ಟಿಗೆ ಹಾಕು, ಆಮೇಲೆ ಹೋಲಿಸು.

ನಿವೃತ್ತ ಮೇಷ್ಟ್ರು | ಬುಧವಾರ, ಬೆಳಿಗ್ಗೆ 7:30

ಮಗು, ನಿನ್ನ ಒಂದನೇ ತರಗತಿ ಟೀಚರ್ ಇದ್ದಾರಾ? ಇದ್ದರೆ ಊರಿಗೆ ಹೋದಾಗ ಅವರನ್ನು ಕಂಡು ಈ ವಿಷಯ ಹೇಳು. ನಮ್ಮಂಥವರಿಗೆ ಅದಕ್ಕಿಂತ ದೊಡ್ಡ ಸಂಭಾವನೆ ಇಲ್ಲ.

ಹೊಸಹೆಜ್ಜೆ | ಬುಧವಾರ, ರಾತ್ರಿ 8:15

ಎನ್‌ಎಫ್‌ಸಿ ಹಾಕಿದೆ. ಏಳು ಹೆಸರು ಹೊಂದಿದವು. ಬೀದರ್ ಮಾತ್ರ ಹೊಂದಲಿಲ್ಲ.

ಹೋದ ವಾರ ಆಗಿದ್ದರೆ ಅಲ್ಲೇ ಕುಸಿಯುತ್ತಿದ್ದೆ. ಇವತ್ತು ‘ಯಾಕೆ ಇದೊಂದೇ?’ ಅನ್ನಿಸಿತು. ಲೆನ್ ಹಾಕಿದೆ. ಒಂದು ಕಡೆ 5, ಇನ್ನೊಂದು ಕಡೆ 6. ಕೊನೆಯಲ್ಲಿ 8204 ಅಂತ ಒಂದು ಸಂಖ್ಯೆ ಇತ್ತು, ಅದಕ್ಕೆ ಆಕಾರವೇ ಇಲ್ಲ. ಹುಡುಕಿದೆ. ಅರ್ಧಾಕ್ಷರದ ಮುಂದಿನ ವ್ಯಂಜನ ಒತ್ತಕ್ಷರ ಆಗಬಾರದು ಅಂದಾಗ ನಡುವೆ ಹಾಕುವ ಕಣ್ಣಿಗೆ ಕಾಣದ ಗುರುತಂತೆ ಅದು. ಖಾಲಿ ಜಾಗದ ಲೆಕ್ಕಕ್ಕೆ ಬರಲ್ಲ, ಅದಕ್ಕೇ ಸ್ಟ್ರಿಪ್ ಅದನ್ನು ಮುಟ್ಟಿರಲಿಲ್ಲ. 31 ಜಿಲ್ಲೆಗಳಲ್ಲಿ ಅರ್ಧಾಕ್ಷರದಲ್ಲಿ ಮುಗಿಯುವ ಹೆಸರು ಬೀದರ್ ಒಂದೇ! ಆ ಗುರುತು ತೆಗೆದೆ. 31ಕ್ಕೆ 31.

ತಾಲ್ಲೂಕುಗಳಿಗೆ ಓಡಿಸಿದರೆ ಇನ್ನೂ ಕೆಲವು ಉಳಿದಿವೆ. ಒಂದು ಕಡೆ ಕೃಷ್ಣರಾಜಪೇಟೆ, ಇನ್ನೊಂದು ಕಡೆ ಕೆ.ಆರ್.ಪೇಟೆ. ಒಂದು ಕಡೆ ಹೆಗ್ಗಡದೇವನಕೋಟೆ, ಇನ್ನೊಂದು ಕಡೆ ಎಚ್.ಡಿ.ಕೋಟೆ. ಇವು ನಿಜವಾಗಲೂ ಬೇರೆ ಹೆಸರುಗಳು, ಕೈಯಿಂದಲೇ ಜೋಡಿ ಮಾಡಬೇಕು. ಅದಕ್ಕೆ ಇನ್ನೊಂದು ದಿನ ಬೇಕು ಅಂತ ಲೀಡ್‌ಗೆ ಹೇಳಿದೆ. ಕಾಗದ ತೋರಿಸಿ, ಕನ್ನಡ ಇಂಗ್ಲಿಷ್ ಎರಡೂ ಸೇರಿಸಿ ವಿವರಿಸಿದೆ. ಅವರು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತು ಕೇಳಿದರು. ಶುಕ್ರವಾರ ಎಲ್ಲರಿಗೂ ಹೇಳಿಕೊಡು ಅಂದಿದ್ದಾರೆ. ಆ ಮಾತು ಕೇಳಿದಾಗಿಂದ ಹೊಟ್ಟೆಯಲ್ಲಿ ಮತ್ತೆ ತಳಮಳ. ಅಳುಕು ಹೋಯಿತು ಅಂತ ಹೇಳಿದರೆ ಸುಳ್ಳಾಗುತ್ತದೆ.

ಅಪ್ಪನಿಗೆ ಫೋನ್ ಮಾಡಿ ಹೋದ ವಾರದ್ದೂ ಹೇಳಿದೆ, ಇವತ್ತಿನದ್ದೂ ಹೇಳಿದೆ. ಅಪ್ಪನಿಗೆ ಕಂಪ್ಯೂಟರಿನ ಭಾಗ ಅರ್ಥ ಆಗಲಿಲ್ಲ. ‘ಕೋ ಬರೆಯೋದು ನಿಂಗೆ ಆಗಲೇ ಬರ್ತಿತ್ತಲ್ಲವ್ವ’ ಅಂದರು.

ಧಾರವಾಡದಾಕೆ | ಬುಧವಾರ, ರಾತ್ರಿ 8:40

ಶುಕ್ರವಾರ ಕನ್ನಡದಾಗ ಶುರು ಮಾಡು ತಂಗಿ. ಕೋಲಾರ ಅಂತ ಬೋರ್ಡಿನ ಮ್ಯಾಲೆ ದೊಡ್ಡದಾಗಿ ಬರಿ. ತಳಮಳ ಇದ್ದರೂ ಇರಲಿ.

ಮಂಜಿನಹನಿ | ಬುಧವಾರ, ರಾತ್ರಿ 9:02

ನನ್ನ ಮಗಳಿಗೂ ಈ ಪುಟ ಓದಲು ಕೊಟ್ಟೆ. ಊಟ ಮಾಡಿದೆಯಾ?

ಹೊಸಹೆಜ್ಜೆ | ಬುಧವಾರ, ರಾತ್ರಿ 9:04

ಮಾಡಿದೆ ಅಕ್ಕ. ಅನ್ನ, ಸೊಪ್ಪಿನ ಸಾರು.

ಗ್ರಂಥಾಲಯದಿಂದ | ಶನಿವಾರ, ಬೆಳಿಗ್ಗೆ 11:10

ಎಲ್ಲವನ್ನೂ ಓದಿದೆ. ನಾನು ಒಂದು ಗ್ರಂಥಾಲಯದಲ್ಲಿ ಕೆಲಸ ಮಾಡುತ್ತೇನೆ. ವಯಸ್ಸು ನಲವತ್ತಾರು. ಪುಸ್ತಕಗಳ ಪಟ್ಟಿಯನ್ನು ಈಗ ಕಂಪ್ಯೂಟರಿಗೆ ಏರಿಸಿ ಎಂದಿದ್ದಾರೆ. ಲೇಖಕರ ಹೆಸರು ಹಾಕಿ ಹುಡುಕಿದರೆ ಕೆಲವು ಪುಸ್ತಕ ಸಿಗುತ್ತವೆ, ಕೆಲವು ಸಿಗುವುದೇ ಇಲ್ಲ. ಈ ವಯಸ್ಸಿನಲ್ಲಿ ಇದೆಲ್ಲ ನನ್ನ ತಲೆಗೆ ಹತ್ತುವುದಿಲ್ಲ ಅನ್ನಿಸಿಬಿಟ್ಟಿದೆ.

ಹೊಸಹೆಜ್ಜೆ | ಶನಿವಾರ, ಬೆಳಿಗ್ಗೆ 11:25

ನಮಸ್ಕಾರ ಸರ್. ಯಾವ ಹೆಸರು ಹಾಕಿದಾಗ ಸಿಕ್ಕಿತು, ಯಾವುದಕ್ಕೆ ಸಿಗಲಿಲ್ಲ? ಒಂದು ಹತ್ತು ಹೆಸರು ಎರಡು ಸಾಲು ಮಾಡಿ ಬರೆದು ಹಾಕುತ್ತೀರಾ? ನಾನು ಇಲ್ಲೇ ಇರುತ್ತೇನೆ.